ಬೆಕ್ಕಿಗೆ ಸೇಡು ಗೊತ್ತಿಲ್ಲ, ಸ್ವಾಮಿ

ಕಳೆದ ತಿಂಗಳು ಪುಣೆಯ ಪಿಂಪ್ಳೆ ಸೌದಾಗರದಲ್ಲಿ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಧಾರವಾಡದ ಕಡೆಯವರು. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಎಲ್ಲ ಇತ್ತು. ಸೋಫಾ ಮೇಲೆ ಮಾತ್ರ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಯಾಕೆಂದು ಕೇಳಿದೆ.

“ಬೆಕ್ಕಿನ ಸಲುವಾಗಿ ಹಾಕೇವ್ರಿ. ದೀಪಾವಳಿಗೆ ಊರಿಗೆ ಹೋಗಿ ಬಂದ್ವಲ್ಲ, ಅವತ್ತಿನಿಂದ ಸಿಟ್ಟು ತೀರಿಸ್ಕೊಳ್ಳಾಕತ್ತೈತಿ. ಲಿಟರ್ ಬಾಕ್ಸ್ ಐತಿ, ಅದರಾಗ ಮಾಡಂಗಿಲ್ಲ. ಬೇಕಂತನ ಹಾಸಿಗಿ ಮ್ಯಾಲ ಉಚ್ಚಿ ಹೊಯ್ತೈತಿ. ಇನ್ನೊಂದು ವಾರ ನೋಡಿ ಮೀನು ಮಾರ್ಕೆಟ್ ಕಡೆ ಬಿಟ್ಟು ಬರ್ತೀನಿ. ಅಲ್ಲಿ ಹೆಂಗೋ ಬದುಕ್ಕೋತೈತಿ.”

ಸುತ್ತ ಕೂತವರೆಲ್ಲ ತಲೆಯಾಡಿಸಿದರು. “ಬೆಕ್ಕು ಅಂದ್ರೆ ಹಾಗೇ, ಸೇಡಿನ ಪ್ರಾಣಿ” ಎಂದರೊಬ್ಬರು. ನನಗೆ ಸಿಟ್ಟು ಬಂತು, ದನಿ ಏರಿತು, ಎಲ್ಲರ ಊಟ ಕೆಡಿಸಿದೆ. ಅವತ್ತು ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ನನ್ನ ಮಾತು ಇಷ್ಟೇ. ಬೆಕ್ಕು ಬಾಕ್ಸಿನಾಚೆ ಉಚ್ಚೆ ಹೊಯ್ದರೆ ಅದರ ಮೈಯಲ್ಲಿ ಏನೋ ಕೆಟ್ಟಿದೆ, ಇಲ್ಲವೇ ನಮ್ಮ ಮನೆಯ ಏರ್ಪಾಡು ಕೆಟ್ಟಿದೆ. ‘ಸೇಡು’ ಎನ್ನುವುದು ಈ ಎರಡನ್ನೂ ನೋಡದಿರಲು ನಾವು ಕಟ್ಟಿಕೊಂಡ ನೆಪ. ಆ ನೆಪಕ್ಕೆ ಬೆಕ್ಕು ಪ್ರಾಣ ತೆರುತ್ತದೆ. ನನ್ನ ಮನೆಯಲ್ಲೇ ತೆತ್ತಿದೆ.

ಆರು ವರ್ಷದ ಹಿಂದೆ ಕೋಥರೂಡಿನ ಒಂದು ಬಿಎಚ್‌ಕೆಯಲ್ಲಿದ್ದಾಗ ಗುಂಡ ಎಂಬ ಬೂದು ಬಣ್ಣದ ಗಂಡು ಬೆಕ್ಕು ನಮ್ಮಲ್ಲಿತ್ತು. ಹೊಸದಾಗಿ ಮನೆ ಬದಲಾಯಿಸಿದ್ದೆವು. ಜಾಗವಿಲ್ಲವೆಂದು ಅದರ ಬಾಕ್ಸನ್ನು ಡ್ರೈ ಬಾಲ್ಕನಿಯಲ್ಲಿ, ವಾಷಿಂಗ್ ಮೆಷೀನಿಗೆ ಒತ್ತಿ ಇಟ್ಟೆವು. ಎರಡು ವಾರದೊಳಗೆ ಗುಂಡ ನಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ದ. ಆಮೇಲೆ ಸೂಟ್‌ಕೇಸಿನ ಮೇಲೆ, ಆಮೇಲೆ ಮತ್ತೆ ಹಾಸಿಗೆ ಮೇಲೆ. “ಹಳೇ ಮನೆ ಬಿಟ್ಟಿದ್ದಕ್ಕೆ ಹಟ” ಎಂದು ತೀರ್ಮಾನಿಸಿದ್ದು ನಾನೇ. ಕುತ್ತಿಗೆ ಹಿಡಿದು ಅದರ ಮೂಗನ್ನು ಒದ್ದೆ ಚಾದರಕ್ಕೆ ಉಜ್ಜಿದವನೂ ನಾನೇ. ನೆಲಕ್ಕೆಲ್ಲ ಫಿನಾಯಿಲ್ ಸುರಿದೆ.

ಮೂರನೇ ವಾರ ಒಂದು ಬೆಳಗ್ಗೆ ಗುಂಡ ಮೇಲಿಂದ ಮೇಲೆ ಬಾಕ್ಸಿಗೆ ಹೋಗಿ ಕೂರುತ್ತಿದ್ದ, ತಿಣುಕುತ್ತಿದ್ದ, ಹೊರಗೆ ಬಂದು ಹಿಂಗಾಲ ಸಂದಿ ನೆಕ್ಕಿಕೊಳ್ಳುತ್ತಿದ್ದ. ಅಂತೂ ಬುದ್ಧಿ ಬಂತು, ಬಾಕ್ಸಿಗೆ ಹೋಗುತ್ತಿದ್ದಾನೆ ಎಂದುಕೊಂಡೆ. ಹೊಟ್ಟೆ ಕಟ್ಟಿರಬೇಕೆಂದು ಮೊಸರು ಇಟ್ಟು ಆಫೀಸಿಗೆ ಹೋದೆ. ಸಂಜೆ ಬಂದಾಗ ಮೂಲೆಯಲ್ಲಿ ಮಲಗಿ ವಿಚಿತ್ರ ದನಿಯಲ್ಲಿ ಕೂಗುತ್ತಿದ್ದ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, “ಮೂತ್ರಕೋಶ ಕಲ್ಲಿನ ಹಾಗಾಗಿದೆ, ಉಚ್ಚೆ ಬಂದು ಎಷ್ಟು ಹೊತ್ತಾಯಿತು?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಳಿಕೆ ಹಾಕಿದರು, ಡ್ರಿಪ್ ಕೊಟ್ಟರು. ಬೆಳಗಿನ ಜಾವ ಗುಂಡ ಸತ್ತ.

ಗಂಡು ಬೆಕ್ಕಿನ ಮೂತ್ರನಾಳ ತೀರಾ ಕಿರಿದು. ಸಣ್ಣ ಹರಳುಗಳೋ ಲೋಳೆಯೋ ಸಿಕ್ಕಿಕೊಂಡರೆ ದಾರಿ ಮುಚ್ಚಿಹೋಗುತ್ತದೆ. ಹೊರಗೆ ಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ಗಂಡು ಬೆಕ್ಕು ತಿಣುಕುತ್ತಿದೆ, ಉಚ್ಚೆ ಬರುತ್ತಿಲ್ಲ ಎಂದರೆ ಅದು ನಾಳೆ ನೋಡೋಣ ಎನ್ನುವ ಕೆಲಸವಲ್ಲ. ಅದೇ ಗಳಿಗೆಯಲ್ಲಿ, ನಡುರಾತ್ರಿಯಾದರೂ, ಆಸ್ಪತ್ರೆಗೆ ಒಯ್ಯಬೇಕು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಬೆಕ್ಕಿಗೆ ಅದು ವಿಷ.

“ಊರಿಗೆ ಹೋಗಿ ಬಂದ ಮೇಲೆಯೇ ಶುರುವಾಯ್ತಲ್ಲ, ಅದು ಸಿಟ್ಟಲ್ಲದೆ ಇನ್ನೇನು?” ಎಂದು ನನ್ನ ಗೆಳೆಯರು ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಮೂತ್ರದ ತೊಂದರೆಯಿಂದ ಡಾಕ್ಟರ ಬಳಿ ಬರುವ ಎಳೆ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಆದರೂ ಮೂತ್ರಕೋಶ ಉರಿಯುತ್ತಿರುತ್ತದೆ. ಈ ಕಾಯಿಲೆಗೂ ಬೆಕ್ಕಿನ ಒತ್ತಡಕ್ಕೂ ಇರುವ ನಂಟನ್ನು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಚರಿ ಏರುಪೇರಾದಾಗ ಕಾಯಿಲೆಯ ಬೆಕ್ಕುಗಳಷ್ಟೇ ಅಲ್ಲ, ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಕಡಿಮೆ ಮಾಡಿದವು, ಬಾಕ್ಸಿನಾಚೆ ಮಲಮೂತ್ರ ಮಾಡಿದವು.

ಅಂದರೆ ಗೆಳೆಯರು ಕಂಡಿದ್ದು ನಿಜ, ಅದಕ್ಕೆ ಕೊಟ್ಟ ಅರ್ಥ ಸುಳ್ಳು. ನೀವು ಹತ್ತು ದಿನ ಇರಲಿಲ್ಲ. ಗುರುತಿಲ್ಲದ ಕೈಯೊಂದು ಬಂದು ಊಟ ಹಾಕಿ ಬೀಗ ಹಾಕಿಕೊಂಡು ಹೋಯಿತು. ಸುತ್ತಲೂ ಪಟಾಕಿ. ಬೆಕ್ಕು ಹೆದರಿತು, ಅದರ ಮೂತ್ರಕೋಶ ಕೆಟ್ಟಿತು. ನೀವು ಬಂದ ಮೇಲೆ ಅದಕ್ಕೆ ಸಿಕ್ಕಿದ್ದು ಬೈಗುಳ. ಹೆದರಿಕೆಯಿಂದ ಬಂದ ಕಾಯಿಲೆಗೆ ಇನ್ನಷ್ಟು ಹೆದರಿಕೆಯ ಮದ್ದು!

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಇಲಿ ಕಾಟಕ್ಕೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ನಾವು ರಾಮಕೃಷ್ಣನ ಜಾಣತನಕ್ಕೆ ನಗುತ್ತೇವೆ. ಬೆಕ್ಕಿನ ಕಡೆಯಿಂದ ಅದೇ ಕತೆ ನೋಡಿ. ಅದಕ್ಕೆ ಸೇಡೂ ಇಲ್ಲ, ಹಟವೂ ಇಲ್ಲ. ಹಾಲು ಎಂದರೆ ಉರಿ ಎಂದು ಕಲಿಯಿತು, ಅಷ್ಟೇ. ಬಾಕ್ಸಿನಲ್ಲಿ ಕೂತಾಗ ಉರಿ ಅನುಭವಿಸಿದ ಬೆಕ್ಕೂ ಹಾಗೆಯೇ ಬಾಕ್ಸ್ ಎಂದರೆ ನೋವು ಎಂದು ಕಲಿಯುತ್ತದೆ. ನೋಯಿಸದ ಜಾಗ ಹುಡುಕಿಕೊಂಡು ಮೆತ್ತಗಿನ ಹಾಸಿಗೆಗೆ ಬರುತ್ತದೆ. ಕತೆಯ ಬೆಕ್ಕು ನಮಗೆ ಅರ್ಥವಾಗುತ್ತದೆ, ಮನೆಯ ಬೆಕ್ಕು ಅರ್ಥವಾಗುವುದಿಲ್ಲ.

“ಊರಲ್ಲಿ ನಮ್ಮಜ್ಜಿ ಮನೆಯಲ್ಲೂ ಬೆಕ್ಕಿತ್ತು, ಇಂಥದ್ದೆಲ್ಲ ಇರಲಿಲ್ಲ” ಎನ್ನುವವರಿದ್ದಾರೆ. ಇರಲಿಲ್ಲ ನಿಜ. ಯಾಕೆಂದರೆ ಇಡೀ ಹಿತ್ತಲೇ ಅದರ ಲಿಟರ್ ಬಾಕ್ಸ್ ಆಗಿತ್ತು. ಸಡಿಲ ಮಣ್ಣಿತ್ತು, ಬೂದಿಗುಂಡಿ ಇತ್ತು, ಒಂದು ಜಾಗ ಹಿಡಿಸದಿದ್ದರೆ ಹತ್ತು ಜಾಗವಿತ್ತು. ಕಾಯಿಲೆ ಬಂದ ಬೆಕ್ಕು ಎಲ್ಲೋ ಹೋಗಿ ಸಾಯುತ್ತಿತ್ತು, ನಾವು “ಎಲ್ಲೋ ಹೋಯ್ತು” ಎನ್ನುತ್ತಿದ್ದೆವು. ಮನೆಯೊಳಗೆ ಗಲೀಜು ಮಾಡಿದ್ದನ್ನು ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರುತ್ತಿದ್ದೆವು. ಆ ಗೋಣಿಚೀಲವನ್ನು ನಾವು ಪುಣೆಗೂ ಮುಂಬೈಗೂ ಹೊತ್ತು ತಂದಿದ್ದೇವೆ, ಹಿತ್ತಲನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೇವೆ.

ಇಲ್ಲಿ ನಾವು ಕೊಡುವುದೇನು? ಮೈ ತಿರುಗಿಸಲೂ ಆಗದ ಒಂದು ಟ್ರೇ. ಮೂರು ದಿನಕ್ಕೊಮ್ಮೆ ಶುಚಿ. ನಮ್ಮ ಮೂಗಿಗೆ ಹಿತವೆಂದು ಲ್ಯಾವೆಂಡರ್ ವಾಸನೆಯ ಲಿಟರ್. ಪಕ್ಕದಲ್ಲಿ ಗಡಗಡ ಎನ್ನುವ ಮೆಷೀನು. ಇಂಥ ಶೌಚಾಲಯ ಕೊಟ್ಟ ಪೀಜಿಯಲ್ಲಿ ನೀವು ಎಷ್ಟು ದಿನ ಇರುತ್ತೀರಿ? ಪಶುವೈದ್ಯರು ಹೇಳುವ ಲೆಕ್ಕ ಸರಳ. ಬೆಕ್ಕುಗಳ ಸಂಖ್ಯೆಗಿಂತ ಒಂದು ಬಾಕ್ಸ್ ಹೆಚ್ಚಿರಲಿ, ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಉದ್ದವಿರಲಿ, ವಾಸನೆ ಬೆರೆಸದ ನುಣ್ಣನೆಯ ಲಿಟರ್ ಇರಲಿ, ದಿನವೂ ಶುಚಿ ಮಾಡಿ, ಊಟದ ತಟ್ಟೆಯಿಂದಲೂ ಸದ್ದಿನಿಂದಲೂ ದೂರ ಇಡಿ. ವಯಸ್ಸಾದ ಬೆಕ್ಕಿಗೆ ಕೀಲುನೋವಿದ್ದರೆ ಬಾಕ್ಸಿನ ಅಂಚು ತಗ್ಗಿರಬೇಕು. ಅದು ಹೆಚ್ಚು ನೀರು ಕುಡಿದು ಹೆಚ್ಚು ಉಚ್ಚೆ ಹೊಯ್ಯುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಬೇಕು. ನಿಂತುಕೊಂಡು, ಬಾಲ ನಡುಗಿಸುತ್ತ ಗೋಡೆಗೆ ಸಿಂಪಡಿಸುವುದು ಬೇರೆ ಸಂಗತಿ, ಅದು ಗಡಿ ಗುರುತು. ಗಂಡು ಬೆಕ್ಕಿಗೆ ಆಪರೇಷನ್ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಬೆಕ್ಕುಗಳಲ್ಲಿ ಇದು ಕಡಿಮೆಯಾಗುತ್ತದೆ.

ಜಾಗವಿಲ್ಲ, ದುಡ್ಡಿಲ್ಲ ಎನ್ನುವುದು ನನಗೂ ಗೊತ್ತು. ಬಾಡಿಗೆ ಮನೆ, ಓನರ್ ಡೆಪಾಸಿಟ್ ಮುರಿದುಕೊಳ್ಳುತ್ತಾನೆ. ಆದರೆ ಅಂಗಡಿಯ ದುಬಾರಿ ಬಾಕ್ಸೇ ಬೇಕೆಂದಿಲ್ಲ. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ಕತ್ತರಿಸಿದರೆ ಸಾಕು. ಈಗ ನನ್ನ ಮನೆಯಲ್ಲಿರುವುದು ಅಂಥ ಎರಡು ಟಬ್ಬುಗಳೇ. 1947ರಲ್ಲಿ ಅಮೆರಿಕದ ಎಡ್ ಲೋ ಒಣಜೇಡಿ ಮಾರಲು ಶುರುಮಾಡುವವರೆಗೆ ಅಲ್ಲಿನ ಮನೆಗಳಲ್ಲೂ ಮರಳು, ಬೂದಿಯಲ್ಲೇ ನಡೆಯುತ್ತಿತ್ತು. ಹಾಸಿಗೆ ತೊಳೆಯಲು ಎನ್‌ಜೈಮ್ ಇರುವ ಕ್ಲೀನರ್ ಬಳಸಿ. ಅಮೋನಿಯಾ ಇರುವುದು ಬೇಡ, ಉಚ್ಚೆಯ ವಾಸನೆಯನ್ನೇ ಹೋಲುತ್ತದೆ. ಫಿನಾಯಿಲ್ಲಂತೂ ಬೇಡವೇ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅಂಗಾಲಿಗೆ ಹತ್ತಿದ್ದನ್ನು ಅದು ನೆಕ್ಕಿಕೊಳ್ಳುತ್ತದೆ.

ಇಷ್ಟು ಮಾಡಿದರೂ ಸರಿಹೋಗದ ಬೆಕ್ಕುಗಳಿವೆ. ಎರಡು ಬೆಕ್ಕುಗಳಿಗೆ ಒಂದೇ ಮನೆಯಲ್ಲಿ ಹೊಂದದೆ ಇರಬಹುದು. ಆಗ ಬೇರೆ ಮನೆ ಹುಡುಕುವುದು ತಪ್ಪಲ್ಲ. ಪಡೆಯುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೊಡಿ. ಮೀನು ಮಾರ್ಕೆಟ್ಟು ಮಾತ್ರ ಬೇರೆ ಮನೆಯಲ್ಲ. ಫ್ಲಾಟಿನಲ್ಲಿ ಬೆಳೆದ, ಮೂತ್ರಕೋಶ ಉರಿಯುತ್ತಿರುವ ಬೆಕ್ಕು ನಾಯಿಗಳ ನಡುವೆ ‘ಹೇಗೋ ಬದುಕಿಕೊಳ್ಳುವುದಿಲ್ಲ’. ಹಸಿದು ಬಾಯಾರಿ ನರಳಲು ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ. ಎರಡು ವಡಾಪಾವಿನ ದುಡ್ಡು. ಕಾನೂನು ನಿಮ್ಮನ್ನು ತಡೆಯುತ್ತದೆ ಎಂಬ ಭ್ರಮೆ ನನಗಿಲ್ಲ. ನೀವೇ ತಡೆದುಕೊಳ್ಳಬೇಕು.

ಪರವೂರಿಗೆ ಬಂದ ಹೊಸತರಲ್ಲಿ ನಮ್ಮಲ್ಲಿ ಎಷ್ಟು ಜನರಿಗೆ ಹೊಟ್ಟೆ ಕೆಟ್ಟಿಲ್ಲ, ನಿದ್ದೆ ಕೆಟ್ಟಿಲ್ಲ? ಅದಕ್ಕೆ ಯಾರೂ ನಮ್ಮನ್ನು ಸೇಡಿನವರು ಎನ್ನಲಿಲ್ಲ. “ನೀರು ಬದಲಾಗಿದೆ, ಸರಿಹೋಗತ್ತೆ” ಎಂದರು. ಅಷ್ಟೇ ಮಾತನ್ನು ಬೆಕ್ಕಿಗೂ ಹೇಳಿ, ಹೇಳಿದ ಮೇಲೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ಪಿಂಪ್ಳೆ ಸೌದಾಗರದ ಗೆಳೆಯರು ನನ್ನ ಮೇಲೆ ಎರಡು ವಾರ ಮುನಿಸಿಕೊಂಡಿದ್ದರು. ಮೊನ್ನೆ ಫೋನ್ ಮಾಡಿ, “ಉಚ್ಚಿಯೊಳಗ ರಕ್ತ ಐತಂತ ನೋಡ್ರಿ, ಗುಳಿಗಿ ಕೊಟ್ಟಾರ. ಬಾಕ್ಸ್ ಮಲಗೋ ಖೋಲಿಗೆ ತಂದಿಟ್ಟೇವಿ” ಎಂದರು. ಸೋಫಾ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲವಂತೆ. ಇರಲಿ ಬಿಡಿ, ಬೆಕ್ಕೂ ಇದೆಯಲ್ಲ.