ನಮ್ಮದು ಬಕೆಟ್ ಲಿಸ್ಟ್, ಅಮ್ಮಂದಿರದ್ದು ಮಾತ್ರ ತಿರುಗಾಟವೇ?

ಮೊಬೈಲ್ ತೆಗೆದರೆ ಸಾಕು. ‘ಸಾಯುವ ಮೊದಲು ನೋಡಲೇಬೇಕಾದ 25 ಜಾಗಗಳು’, ‘30 ವರ್ಷದೊಳಗೆ ಮಾಡಿ ಮುಗಿಸಬೇಕಾದ 10 ಕೆಲಸಗಳು’. ಲಡಾಖ್‌ಗೆ ಬೈಕ್, ಮಾಲ್ಡೀವ್ಸ್‌ನಲ್ಲಿ ನೀರ ಮೇಲಿನ ಕೋಣೆ, ನೇತ್ರಾಣಿಯಲ್ಲಿ ಸ್ಕೂಬಾ. ಇದಕ್ಕೆ ಬಕೆಟ್ ಲಿಸ್ಟ್ ಅಂತ ಹೆಸರು. ಇಂಗ್ಲಿಷಿನಲ್ಲಿ ಸಾಯುವುದಕ್ಕೆ ‘ಬಕೆಟ್ ಒದೆಯುವುದು’ ಎನ್ನುವ ಆಡುಮಾತು ಉಂಟು. ಒದೆಯುವ ಮೊದಲು ಆಗಬೇಕಾದ್ದರ ಪಟ್ಟಿ ಇದು. 2007ರಲ್ಲಿ ಇದೇ ಹೆಸರಿನ ಹಾಲಿವುಡ್ ಸಿನಿಮಾ ಬಂತು. ಕ್ಯಾನ್ಸರ್ ಬಂದ ಇಬ್ಬರು ಮುದುಕರು ಆಸ್ಪತ್ರೆಯಿಂದ ಎದ್ದು ಲೋಕ ಸುತ್ತುವ ಕತೆ. ಇಬ್ಬರಲ್ಲಿ ಒಬ್ಬ ಕೋಟ್ಯಧೀಶ, ಖರ್ಚೆಲ್ಲ ಅವನದ್ದೇ. ಈ ಕೊನೆಯ ವಿಷಯವನ್ನು ನಮಗೆ ರೀಲ್ಸ್ ಮಾಡಿ ತೋರಿಸುವವರು ಹೇಳುವುದಿಲ್ಲ.

ನಾವೇನೂ ಇದರಿಂದ ಹೊರಗಿನವರಲ್ಲ. ಓದು ಮುಗಿಸಿ ಮಂಗಳೂರಿಗೆ ಬಂದು ರೂಮ್ ಮಾಡಿದಾಗ ನಮ್ಮ ಗೋಡೆಯಲ್ಲೂ ಅಂಥ ಪಟ್ಟಿ ಇತ್ತು. ನಮ್ಮಲ್ಲೊಬ್ಬ ಮೊಬೈಲ್ ಆಪ್‌ನಲ್ಲಿ ಸಾಲ ತೆಗೆದು ಗೋವಾಕ್ಕೆ ಹೋಗಿ ಬಂದ. ಮೂರು ದಿನದ ತಿರುಗಾಟ, ಹನ್ನೊಂದು ತಿಂಗಳ ಕಂತು. ಫೋಟೋಗೆ ಒಳ್ಳೆಯ ಲೈಕ್ ಬಂತು ಅನ್ನಿ.

ತಿರುಗಾಡುವುದು ತಪ್ಪಲ್ಲ, ಆಸೆ ಪಡುವುದಂತೂ ತಪ್ಪೇ ಅಲ್ಲ. ನಮ್ಮ ಜಗಳ ಬೇರೆ. ಯಾರ ಆಸೆಗೆ ‘ಜೀವನದ ಗುರಿ’ ಅಂತ ಹೆಸರು ಸಿಗುತ್ತದೆ, ಯಾರ ಆಸೆಯನ್ನು ನೋಡಿ ನಗುತ್ತಾರೆ?

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಶೂನ್ಯ. ಆ ಮಳೆಗಾಲದಲ್ಲಿ ಬಿಜೈಯ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಗೊತ್ತು, ಎಂಥ ಜನ ಬಂದಿಳಿದರು ಅಂತ. ಧರ್ಮಸ್ಥಳ, ಕುಕ್ಕೆ ಮುಗಿಸಿ ಮಂಗಳೂರಿಗೆ ಬಂದವರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ರೊಟ್ಟಿ ಗಂಟು. ಹಾವೇರಿ ಕಡೆಯ ಅಜ್ಜಿಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು, “ತಮ್ಮಾ, ಸಮುದ್ರಕ್ಕ ಹೋಗೋ ಬಸ್ ಯಾವುದಪಾ?”

ಪಣಂಬೂರಿಗೆ ಹೆಚ್ಚಾಗಿ ಪ್ರೈವೇಟ್ ಬಸ್ಸೇ ಇರುವುದು, ಅದರಲ್ಲಿ ದುಡ್ಡು ಕೊಡಬೇಕು, ಅಲ್ಲದೆ ಮಳೆಗಾಲದಲ್ಲಿ ಕಡಲು ಜೋರು, ನೀರಿಗಿಳಿಯಲು ಬಿಡುವುದಿಲ್ಲ ಎಂದೆವು. “ಇಳಿಯಾಕ ಯಾರು ಬಂದಾರ? ನೋಡಾಕ ಬಂದೇವಿ. ಇಷ್ಟು ದೂರ ಬಂದು ಹತ್ತಿಪ್ಪತ್ತು ರೂಪಾಯಿಗೆ ಹಿಂದ ಹೋಗ್ತೀವೇನು?” ಅಂದರು. ಜೊತೆಗಿದ್ದ ಐದಾರು ಮಂದಿ ನಕ್ಕರು. ವಯಸ್ಸು ಅರವತ್ತರ ಮೇಲೆ. ಅಷ್ಟು ವರ್ಷ ಕಡಲನ್ನು ಅವರು ಕ್ಯಾಲೆಂಡರಿನಲ್ಲಿ, ಟಿವಿಯಲ್ಲಿ ಮಾತ್ರ ಕಂಡಿದ್ದರು.

ಅದೇ ತಿಂಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನು ಬಂತು ನೆನಪಿದೆಯಲ್ಲ? ‘ಗಂಡ ಮನೆಯಲ್ಲಿ ಅನ್ನ ಬೇಯಿಸ್ತಿದ್ದಾನೆ, ಹೆಂಡತಿ ಬಸ್ಸಲ್ಲಿ ಊರು ಸುತ್ತುತ್ತಿದ್ದಾಳೆ’. ಸೀಟಿಗಾಗಿ ಜಗಳದ ವಿಡಿಯೋಗಳು. ‘ಬಿಟ್ಟಿ ಸಿಕ್ಕಿದರೆ ಇವರಿಗೆ ಮನೆ ಮಠ ಬೇಡ’ ಎಂಬ ಉಪದೇಶ. ಕಳಿಸಿದವರಲ್ಲಿ ನಮ್ಮ ಗೆಳೆಯರೂ ಇದ್ದರು. ಅವರ ಸ್ಟೇಟಸ್ಸಿನಲ್ಲೇ ಲಡಾಖ್ ಪಟ್ಟಿಯೂ ಇತ್ತು. ಇಂಜಿನಿಯರ್ ಹುಡುಗ ಬೈಕ್ ಹತ್ತಿ ಹೋದರೆ ‘ತನ್ನನ್ನು ತಾನು ಹುಡುಕಿಕೊಳ್ಳುವ ಪ್ರಯಾಣ’, ನಲವತ್ತು ವರ್ಷ ಹೊಲದಲ್ಲಿ ಕಳೆ ಕಿತ್ತ ಹೆಂಗಸು ಮಂಜುನಾಥನನ್ನು ನೋಡಲು ಹೋದರೆ ‘ಬಿಟ್ಟಿ ತಿರುಗಾಟ’. ಇದು ಯಾವ ನ್ಯಾಯ ಮಾರಾಯ್ರೇ?

ಯೋಜನೆಯ ಖರ್ಚಿನ ಬಗ್ಗೆ ಕೇಳಿ, ಕೇಳಲೇಬೇಕು. ಆಟೋದವರ, ಖಾಸಗಿ ಬಸ್ಸಿನವರ ಹೊಟ್ಟೆಗೆ ಪೆಟ್ಟು ಬಿದ್ದದ್ದೂ ಸುಳ್ಳಲ್ಲ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರು ಬಂದ್ ಮಾಡಿ ಅವರು ಅದನ್ನು ಹೇಳಿದರು. ಸರ್ಕಾರಿ ಬಸ್ಸೇ ಇಲ್ಲದ ನಮ್ಮ ಕರಾವಳಿಯ ಎಷ್ಟೋ ಹಳ್ಳಿಯ ಹೆಂಗಸರಿಗೆ ಶಕ್ತಿ ಎನ್ನುವುದು ಟಿವಿಯಲ್ಲಿ ಮಾತ್ರ ಉಂಟು. ಆದರೆ ಆ ಮೀಮ್‌ಗಳು ಕೇಳಿದ್ದು ಈ ಪ್ರಶ್ನೆಗಳನ್ನಲ್ಲ. ಹೆಂಗಸರಿಗೆ ನೋಡುವ ಆಸೆ ಇದೆಯಲ್ಲ ಎಂಬುದೇ ಅವರಿಗೆ ತಮಾಷೆಯಾಗಿ ಕಂಡಿತು.

ಇದೇ ಊರಿನ ಇನ್ನೊಂದು ಆಸೆಯ ಕತೆ ಎಲ್ಲರಿಗೂ ಗೊತ್ತು, ಆದರೆ ನಾವು ಅದನ್ನು ಅರ್ಧ ಮಾತ್ರ ಹೇಳುತ್ತೇವೆ. ನೇತ್ರಾವತಿಯ ದಡದ ಹರೇಕಳದಿಂದ ಮಂಗಳೂರಿಗೆ ಬಂದು ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹಾಜಬ್ಬರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ, ಬ್ಯಾರಿ, ತುಳು ಮಾತಾಡುವ ಹಾಜಬ್ಬರಿಗೆ ಉತ್ತರಿಸಲು ಆಗಲಿಲ್ಲ. ಅವರು ನಡೆದೇಬಿಟ್ಟರು. ಈ ಅವಮಾನ ನಮ್ಮೂರಿನ ಮಕ್ಕಳಿಗೆ ಬೇಡ, ಊರಿಗೊಂದು ಶಾಲೆ ಬೇಕು ಎಂದು ಹಾಜಬ್ಬರಿಗೆ ಅನ್ನಿಸಿತು. ಪಟ್ಟಿ ಅಂದರೆ ಇಷ್ಟೇ, ಒಂದೇ ಸಾಲು.

ಆ ಒಂದು ಸಾಲಿಗೆ ಎರಡು ದಶಕ ಹಿಡಿಯಿತು. ಹಣ್ಣು ಮಾರಿದ ದುಡ್ಡಿನಲ್ಲಿ ಉಳಿಸಿದರು, ಕಚೇರಿಗಳಿಗೆ ಅಲೆದರು, ದಾನಿಗಳ ಬಾಗಿಲಿಗೆ ಹೋದರು. ನ್ಯೂಪಡ್ಪುವಿನಲ್ಲಿ 28 ಮಕ್ಕಳೊಂದಿಗೆ ಶಾಲೆ ಶುರುವಾಯಿತು. ಪ್ರಶಸ್ತಿಯ ದುಡ್ಡು ಬಂದಾಗಲೂ ಶಾಲೆಗೇ ಹಾಕಿದರು. 2020ರ ಜನವರಿಯಲ್ಲಿ ಪದ್ಮಶ್ರೀ ಬಂದ ಸುದ್ದಿ ತಿಳಿದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ತೆಗೆದುಕೊಂಡರು. ಆ ಫೋಟೋ ನಾವೆಲ್ಲ ಹಂಚಿದ್ದೇವೆ, ಕಣ್ಣಲ್ಲಿ ನೀರೂ ಬಂದಿದೆ.

ಆದರೆ ಊರಿಗೊಂದು ಪ್ರಾಥಮಿಕ ಶಾಲೆ ಎನ್ನುವುದು ಒಬ್ಬ ಹಣ್ಣು ಮಾರುವವರ ಜೀವನದ ಗುರಿ ಯಾಕಾಗಬೇಕಿತ್ತು? ಅದು ಸರ್ಕಾರ ಮಾಡಬೇಕಾದ ಕೆಲಸವಾಗಿತ್ತು. ನಾವು ಹಾಜಬ್ಬರಿಗೆ ಕೈ ಮುಗಿಯುತ್ತೇವೆ, ಅವರನ್ನು ಅಲೆಸಿದ ವರ್ಷಗಳ ಲೆಕ್ಕ ಯಾರನ್ನೂ ಕೇಳುವುದಿಲ್ಲ. ಪದ್ಮಶ್ರೀ ಸಿಕ್ಕ ಮೇಲೂ ಅವರು ತಮಗೇನೂ ಕೇಳಲಿಲ್ಲ, ಊರಿಗೊಂದು ಪಿಯು ಕಾಲೇಜು ಕೇಳಿದರು. ಅಷ್ಟು ದೊಡ್ಡ ಪ್ರಶಸ್ತಿಯ ಮನುಷ್ಯ ಮತ್ತೆ ಅರ್ಜಿ ಹಿಡಿಯಬೇಕಾಯಿತು!

ನಮ್ಮ ಹಳ್ಳಿಗಳ ಬಕೆಟ್ ಲಿಸ್ಟ್ ಹುಡುಕಬೇಕಾದರೆ ಇನ್‌ಸ್ಟಾಗ್ರಾಂ ನೋಡಬೇಡಿ, ಪಂಚಾಯಿತಿ ಆಫೀಸಿನ ಕಪಾಟು ತೆಗೆಸಿ. ಕಾಲುಸಂಕ ಬೇಕು, ಸಂಜೆ ಆರರ ಮೇಲೆ ಒಂದು ಬಸ್ ಬೇಕು, ಮಗಳು ಹೈಸ್ಕೂಲಿಗೆ ಹೋಗುವ ದಾರಿಗೆ ದೀಪ ಬೇಕು, ಮನೆ ನಿವೇಶನದ ಹಕ್ಕುಪತ್ರ ಬೇಕು. ಹರೇಕಳದವರು ಎಷ್ಟೋ ವರ್ಷ ದೋಣಿಯಲ್ಲಿ ಹೊಳೆ ದಾಟಿ ಅಡ್ಯಾರಿಗೆ ಬಂದರು. ಈಗ ಅಲ್ಲಿ ಕಿಂಡಿ ಅಣೆಕಟ್ಟಿನ ಜೊತೆಗೇ ಸೇತುವೆ ಆಗಿದೆ. ಅದರ ಮೇಲೆ ನಿಂತು ಸೆಲ್ಫಿ ತೆಗೆಯುವ ಹುಡುಗರಿಗೆ ಇದೊಂದು ಜಾಗ ಅಷ್ಟೇ. ಅವರ ಅಜ್ಜಿಗೆ ಅದು ಆಯುಷ್ಯದ ಆಸೆಯಾಗಿದ್ದಿರಬಹುದು, ಯಾರೂ ಕೇಳಿರಲಿಕ್ಕಿಲ್ಲ.

ಈ ವಾರ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ‘ನಿಮಗೆ ಏನು ನೋಡಬೇಕು, ಏನು ಆಗಬೇಕು’ ಅಂತ. ಮೊದಲು ‘ನಂಗೆಂಥ ಆಸೆ’ ಎನ್ನುತ್ತಾರೆ, ಬಿಡಬೇಡಿ. ಕಡಲು ಅಂದರೆ ಕಡಲಿಗೆ ಕರೆದುಕೊಂಡು ಹೋಗಿ, ಮಳೆ ನಿಂತ ಮೇಲೆ. ಊರಿನ ಕೆಲಸವಾದರೆ ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾನೂನೇ ಹೇಳುತ್ತದೆ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ನಡಾವಳಿಯಲ್ಲಿ ಸೇರಿಸಿದ್ದಾರಾ ನೋಡಿ, ಸ್ವೀಕೃತಿ ಪಡೆಯದೆ ಕುರ್ಚಿಯಿಂದ ಏಳಬೇಡಿ. ಅದರ ಫೋಟೋ ನಮಗೂ ಕಳಿಸಿ, ಆರು ತಿಂಗಳ ನಂತರ ಏನಾಯಿತು ಎಂದು ನಾವೇ ಹೋಗಿ ಕೇಳುತ್ತೇವೆ.