ಎಲೆ ಕೆಳಗಿಡೋದನ್ನ ಯಾರೂ ಕಲಿಸಲಿಲ್ಲ

ದೀಪಾವಳಿ ಬಂತು ಅಂದ್ರೆ ಸಾಕು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಎ.ಕೆ. ಕಾಲೋನಿಗೆ ಹೋದ್ರೂ ನಾಲ್ಕು ದಿನ ಚಾಪೆ ಹಾಸಿರ್ತಾರೆ, ಇಸ್ಪೀಟು ಕಲಸ್ತಿರ್ತಾರೆ. "ಸಣ್ಣ ಆಟ ಕಣಣ್ಣ, ಟೈಮ್‌ಪಾಸ್‌ಗೆ" ಅಂತಾರೆ. ಈ "ಸಣ್ಣ ಆಟ"ದ ಬಗ್ಗೆನೇ ಇವತ್ತು ನಾಲ್ಕು ಮಾತು.

ಮೊದಲು ನನ್ನದೇ ಕಥೆ. ಬಹಳ ವರ್ಷದ ಹಿಂದೆ ಹೊಸತೊಡಕಿನ ಸಂಜೆ ರಮ್ಮಿಗೆ ಕೂತೆ. ಜೇಬಲ್ಲಿದ್ದ ಇನ್ನೂರು ಹೋಯ್ತು. ಅಲ್ಲಿಗೆ ಎದ್ದಿದ್ರೆ ಮುಗೀತಿತ್ತು. ಎದುರಿಗೆ ಕೂತವನು ನಕ್ಕ. ಮನೆಗೆ ಹೋಗಿ ಅವ್ವ ಸಂಘದ ಕಂತಿಗೆ ಅಂತ ಡಬ್ಬೀಲಿ ಇಟ್ಟಿದ್ದ ದುಡ್ಡು ತಂದೆ. ಅದೂ ಹೋಯ್ತು. ಅವ್ವ ಬೈಯಲಿಲ್ಲ. ಮಾರನೇ ದಿನ ಸಂಘದಲ್ಲಿ ಹತ್ತು ಜನರ ಮುಂದೆ ತಲೆ ತಗ್ಗಿಸಿ ನಿಂತಳು. ನಾನು ಸೋತಿದ್ದು ಎಲೆಗಳಿಗಲ್ಲ, ಆ ಒಂದು ನಗುವಿಗೆ.

ಬೆಂಗಳೂರಲ್ಲಿ ಪೋಕರ್ ಆಡೋರು ಇದಕ್ಕೆ 'ಟಿಲ್ಟ್' ಅಂತಾರೆ. ನಮ್ಮ ಕಡೆ ಹಠಕ್ಕೆ ಬಿದ್ದು ಆಡೋದು ಅಂತೀವಿ. ಹೆಸರು ಯಾವುದಾದ್ರೂ ರೋಗ ಒಂದೇ: ಕಳೆದುಕೊಂಡಿದ್ದನ್ನ ಈಗಲೇ, ಇವನ ಹತ್ತಿರವೇ ವಾಪಸ್ ತಗೋಬೇಕು ಅನ್ನೋದು.

ಸಣ್ಣ ಆಟ ಅಂದ್ರೆ ಎಷ್ಟು ಸಣ್ಣದು? ಲೆಕ್ಕ ಹಾಕೋಣ. ಪಾಯಿಂಟಿಗೆ 5 ರೂಪಾಯಿ ರಮ್ಮಿ. ಜೋಕರ್ ಇಲ್ಲದ ಒಂದು ಸೀಕ್ವೆನ್ಸೂ ಆಗದೆ ಸಿಕ್ಕಿಬಿದ್ರೆ ಫುಲ್ ಕೌಂಟ್ 80, ಅಂದ್ರೆ 400 ರೂಪಾಯಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ಇತ್ತು. ಬಿಸಿಲಲ್ಲಿ ಇಡೀ ದಿನ ಮಣ್ಣು ಹೊತ್ತಿದ್ದು ಐದು ನಿಮಿಷದ ಒಂದು ಆಟಕ್ಕೂ ಸಾಲ್ತಿರಲಿಲ್ಲ. ಸಂಬಳ ಬರೋನಿಗೆ ಇದು ಸಣ್ಣ ಆಟ. ಅಡಿಕೆ ಸುಲಿಯೋನಿಗೆ, ತೆಂಗಿನಕಾಯಿ ಲೋಡ್ ಮಾಡೋನಿಗೆ ಇದು ದೊಡ್ಡ ಆಟ. ಆಟದ ಗಾತ್ರ ಚಾಪೆ ಮೇಲಿನ ದುಡ್ಡಿನಲ್ಲಿಲ್ಲ, ನಮ್ಮ ಮನೆ ಡಬ್ಬೀಲಿದೆ.

ಅದೇ ಆಟದಲ್ಲಿ ಎಲೆ ಚೆನ್ನಾಗಿಲ್ಲ ಅಂತ ಮೊದಲೇ ಡ್ರಾಪ್ ಮಾಡಿದ್ರೆ 20 ಪಾಯಿಂಟು, 100 ರೂಪಾಯಿ. ಇಂಥ ಕೆಟ್ಟ ಎಲೆ ಹತ್ತು ಸಲ ಬಂತು ಅಂದ್ಕೊಳ್ಳಿ. ಹತ್ತು ಸಲನೂ ಕೆಳಗಿಟ್ರೆ 1,000 ನಷ್ಟ. "ನೋಡೋಣ ಬಿಡು" ಅಂತ ಹತ್ತೂ ಆಡಿದ್ರೆ? ಎರಡು ಗೆದ್ದು ತಲಾ 600 ಬಂತು, 1,200. ಎಂಟು ಸೋತು ಸರಾಸರಿ 300 ಹೋಯ್ತು, 2,400. ನಿಂತ ನಷ್ಟ 1,200. ಆದ್ರೆ ನಮಗೆ ನೆನಪಿರೋದು ಆ ಎರಡು ಗೆಲುವು ಮಾತ್ರ. "ಅವತ್ತು ಏನೂ ಇಲ್ಲದ ಎಲೇಲಿ ಹೊಡೆದೆ ನೋಡು" ಅಂತ ವರ್ಷಗಟ್ಟಲೆ ಹೇಳ್ತೀವಿ. ಗೆದ್ದ ಮಾತ್ರಕ್ಕೆ ತೀರ್ಮಾನ ಸರಿ ಇತ್ತು ಅಂತಲ್ಲ. ಸೋತ ಮಾತ್ರಕ್ಕೆ ತಪ್ಪಿತ್ತು ಅಂತಲೂ ಅಲ್ಲ. ಸರಿಯಾಗಿ ಆಡಿ ಸೋತವನು ತಲೆ ಕೆಡಿಸ್ಕೋಬಾರದು. ತಪ್ಪಾಗಿ ಆಡಿ ಗೆದ್ದವನು ಹೆದರಬೇಕು.

ಇದನ್ನೆಲ್ಲ "ಹಣೆಬರಹ" ಅಂದುಬಿಡೋರು ಇದ್ದಾರೆ. ನಮ್ಮ ಬಡತನಕ್ಕೂ, ನಮ್ಮ ಜಾತಿಗೂ ಇದೇ ಪದ ಹೇಳಿಕೊಟ್ಟಿದ್ರು. ಬಾಬಾಸಾಹೇಬರ ಫೋಟೋ ಕೆಳಗೆ ಕೂತು ಹಣೆಬರಹ ಅನ್ನೋ ಮಾತು ಆಡಬೇಡಿ. ಎಲೆ ಬರೋದು ಅದೃಷ್ಟ. ಇಡೋದು, ಬಿಡೋದು ನಮ್ಮ ಬುದ್ಧಿ.

ಕೋರ್ಟೂ ಹೆಚ್ಚುಕಡಿಮೆ ಇದನ್ನೇ ಹೇಳಿದೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನ ಮುಖ್ಯವಾಗಿ ಕೌಶಲ್ಯದ ಆಟ ಅಂತು, ಮೂರೆಲೆ ಆಟ ಬರೀ ಅದೃಷ್ಟ ಅಂತು. ಆದ್ರೆ ನೆಲದ ಮೇಲೆ ಕಾಣೋದು ಬೇರೆ. ಕ್ಲಬ್ಬಿನ ಫ್ಯಾನ್ ಕೆಳಗೆ ಆಡಿದ್ರೆ ಕೌಶಲ್ಯ. ಬೇವಿನ ಮರದ ಕೆಳಗೆ ಅಂದರ್-ಬಾಹರ್ ಆಡಿದ್ರೆ ಪೊಲೀಸ್ ಕಾಯ್ದೆ 87ನೇ ಕಲಂ, ಜೀಪು, ಕೇಸು. ಧರ್ಮರಾಯ ರಾಜ್ಯ ಇಟ್ಟ, ತಮ್ಮಂದಿರನ್ನ ಇಟ್ಟ, ದ್ರೌಪದಿಯನ್ನೂ ಇಟ್ಟ. ಎಲ್ಲಾ ವಾಪಸ್ ಸಿಕ್ಕ ಮೇಲೂ ಮತ್ತೆ ಕರೆದಾಗ ಹೋಗಿ ಕೂತ. ಆದ್ರೂ ಅವನು ಧರ್ಮರಾಯ. ನಮ್ಮ ಹುಡುಗ ಐನೂರು ಸೋತರೆ ಜೂಜುಕೋರ.

2025ರ ಆಗಸ್ಟ್‌ನಲ್ಲಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲ್ಯದ್ದಿರಲಿ ಅದೃಷ್ಟದ್ದಿರಲಿ, ಕೇಂದ್ರ ಸರ್ಕಾರ ಕಾಯ್ದೆ ತಂದು ನಿಷೇಧಿಸಿತು. ಅದೇ ದಿನಗಳಲ್ಲಿ ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ನಮ್ಮ ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನ ಇ.ಡಿ. ಬಂಧಿಸಿತು. ಆರೋಪ ನಿಜವೋ ಸುಳ್ಳೋ ಕೋರ್ಟ್ ಹೇಳಲಿ. ನನಗೆ ಬೇಕಿರೋದು ಒಂದೇ ಪಾಠ: ಬೆಟ್ಟಿಂಗ್ ಅನ್ನೋ ವ್ಯಾಪಾರದಲ್ಲಿ ಆಡೋರು ಬೇರೆ, ಆಡಿಸೋರು ಬೇರೆ. ಆಡಿಸೋನಿಗೆ ನಮ್ಮ ಸೋಲೂ ಲಾಭ, ನಮ್ಮ ಗೆಲುವೂ ಲಾಭ, ಯಾಕಂದ್ರೆ ಗೆದ್ದವನು ನಾಳೆ ಮತ್ತೆ ಬರ್ತಾನೆ.

"ಅಣ್ಣ, ಹೋರಾಟಗಾರ ಆಗಿ ಜೂಜಿಗೆ ಪಾಠ ಹೇಳ್ತೀಯಾ?" ಅಂತ ಕೆಲವರು ಕೇಳ್ತೀರಿ. ಆಡದೇ ಇದ್ರೆ ಎಲ್ಲಕ್ಕಿಂತ ಒಳ್ಳೇದು, ಅದೇ ನನ್ನ ಮೊದಲ ಮಾತು. ಆದ್ರೆ "ಆಡಬೇಡ" ಅಂತ ಬರೀ ಬೈದು ಬಂದ್ರೆ ಹುಡುಗ್ರು ಹಳ್ಳದ ಕಡೆ ಹೋಗಿ ಆಡ್ತಾರೆ. ಅದಕ್ಕೇ ಇದು:

ಸಂಘದ ಕಂತು, ಮಕ್ಕಳ ಫೀಸು ಮೊದಲು ಕಟ್ಟಿ. ಆಮೇಲೆ ಕೂರೋಕೆ ಮುಂಚೆಯೇ ಎಷ್ಟು ಹೋದ್ರೆ ಏಳ್ತೀನಿ ಅಂತ ತೀರ್ಮಾನಿಸಿ. ಕೂತ ಮೇಲೆ ಆ ತೀರ್ಮಾನ ನಿಮ್ಮಿಂದ ಆಗಲ್ಲ. ಫೋನ್ ಮನೇಲಿಟ್ಟು ಹೋಗಿ, ಒಂದು ಬೆರಳು ಒತ್ತಿದ್ರೆ ಡಬ್ಬಿ ಖಾಲಿ ಆಗೋ ಕಾಲ ಇದು. ಕುಡಿದು ಕೂರಬೇಡಿ. ಸಾಲ ತಂದು ಆಡಬೇಡಿ, ಸಾಲ ಕೊಟ್ಟು ಆಡಿಸಬೇಡಿ. ಯಾರಾದ್ರೂ ನಕ್ಕಾಗ, ಕೆಣಕಿದಾಗ ಆ ಆಟಕ್ಕೇ ಎದ್ದು ಹೊರಗೆ ಹೋಗಿ ನೀರು ಕುಡೀರಿ. ಎದ್ದು ಹೋಗೋದು ಹೇಡಿತನ ಅಲ್ಲ.

ಬುದ್ಧ ಸಿಗಾಲ ಅನ್ನೋ ಗೃಹಸ್ಥನಿಗೆ ಜೂಜಿನಿಂದಾಗೋ ಆರು ಕೇಡು ಹೇಳಿದ್ದಾನೆ. ಅದರಲ್ಲಿ ಒಂದು: ಜೂಜುಗಾರನ ಮಾತಿಗೆ ಸಭೆಯಲ್ಲಿ ಬೆಲೆ ಇರಲ್ಲ. ಹೋಗಿದ್ದ ದುಡ್ಡನ್ನ ಇನ್ನೊಂದು ತಿಂಗಳು ದುಡಿದು ತರಬಹುದು. ಆದ್ರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡೋ ಹಕ್ಕಿಗೆ ನಮ್ಮ ಹಿರಿಯರು ಒದೆ ತಿಂದಿದ್ದಾರೆ. ನಾಳೆ ಸ್ಮಶಾನದ ಜಾಗಕ್ಕೋ, ನೀರಿಗೋ ನೀವು ಎದ್ದು ಕೇಳಿದಾಗ "ಹೋಗೋ, ಮೊದಲು ಇಸ್ಪೀಟು ಸಾಲ ತೀರಿಸು" ಅಂತ ಒಬ್ಬ ಅಂದ್ರೆ ಸಾಕು, ಇಡೀ ಕಾಲೋನಿ ಬಾಯಿ ಮುಚ್ಚುತ್ತೆ.

ಆ ಮಾತು ಅನ್ನಿಸ್ಕೊಳ್ಳೋ ಹಾಗೆ ಆಡಬೇಡಿ. ಕೆಟ್ಟ ಎಲೆ ಬಂದಾಗ ಕೆಳಗಿಡಿ, ಎದ್ದು ಮನೆಗೆ ಹೋಗಿ. ಅಲ್ಲಿ ಅವ್ವ ಕಾಯ್ತಿರ್ತಾಳೆ.

ಜೈ ಭೀಮ್.