ಕೊಳವೆಬಾವಿಯ ಬಳಿಯ ತತ್ತ್ವಜಿಜ್ಞಾಸೆ

ಆರೋಗ್ಯಶಿಕ್ಷಣದಲ್ಲಿ ಸಂಶೋಧನೆಯನ್ನು ಈಗಷ್ಟೆ ಕೈಗೊಂಡಿರುವ ತರುಣರು, ತಮ್ಮ ತಾತ್ತ್ವಿಕ ನಿಲುವು ಯಾವುದೆಂದು ಪ್ರಬಂಧದಲ್ಲಿ ನಿರೂಪಿಸಬೇಕಾಗಿ ಬಂದಾಗ, ಮಾರ್ಗದರ್ಶಕರು ಸೂಚಿಸಿದ ಹೆಸರೊಂದನ್ನು ನಮೂದಿಸಿ ಮುಂದೆ ಸಾಗುವುದನ್ನು ಕಂಡು ನನಗೆ ಕಳವಳವಾಗುತ್ತದೆ. ಏಕೆಂದರೆ ಯಾವುದನ್ನು ಜ್ಞಾನವೆಂದು ಎಣಿಸಬೇಕೆಂಬ ನಿರ್ಣಯವು ಪ್ರಶ್ನಾವಳಿಯ ಮೊದಲ ಪ್ರಶ್ನೆಯಲ್ಲಿಯೇ ಆಗಿಹೋಗಿರುತ್ತದೆ.

ದಾವಣಗೆರೆ ಜಿಲ್ಲೆಯನ್ನೇ ನೋಡೋಣ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ನೆರೆಯ ನ್ಯಾಮತಿಯಲ್ಲಿಯೂ ಹೊಳೆಯ ನೀರನ್ನು ಕುದಿಸಿ ಕುಡಿಯಿರೆಂಬುದು ಸದುಪದೇಶ. ಅದೇ ಮಾತು ಬರದ ಸೀಮೆಯಾದ ಜಗಳೂರಿನ ಕೊಳವೆಬಾವಿಯ ಬಳಿ ಅಪಕಾರವಾದೀತು. ಅಲ್ಲಿಯ ಅಂತರ್ಜಲದ ಫ್ಲೋರೈಡು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಸುಳಿವು ಕೊಡದ ಆ ಅಂಶವು ಲೀಟರಿಗೆ 1.5 ಮಿಲಿಗ್ರಾಮೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ದಾಟಿದೆಯೆ ಎಂಬುದನ್ನು ಪರೀಕ್ಷೆಯಲ್ಲದೆ ಯಾವ ಸಂವಾದವೂ ತಿಳಿಸಲಾರದು. ಮಕ್ಕಳ ಮುಂಬಲ್ಲುಗಳ ಮೇಲೆ ಕಂದುಗೆರೆ ಕಾಣಿಸುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಆದುದರಿಂದ, ಸತ್ಯವೆಲ್ಲವೂ ಮನುಷ್ಯರ ಅನುಭವವು ಕಟ್ಟಿಕೊಂಡದ್ದೆಂಬ ವಾದಕ್ಕೆ ನಾನು ಸಮ್ಮತಿಸಲಾರೆ.

ಆದರೆ ಅಳತೆಯೇ ಸರ್ವಸ್ವವೆಂದು ನಂಬಿ, ಜನರ ಅರಿವು ಶೇಕಡಾ ಎಷ್ಟೆಂದು ಗುರುತು ಹಾಕುತ್ತ ಹೋಗುವವನು, ಕೊಡ ಹಿಡಿದು ನಿಂತ ಹೆಂಗಸಿನ ಉತ್ತರದಲ್ಲಿ ಅಜ್ಞಾನವನ್ನು ಮಾತ್ರ ಹುಡುಕುತ್ತಾನೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ, ಪಕ್ಕದೂರಿನಿಂದ ಕ್ಯಾನು ತರಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಆಕೆ ತಿಳಿದೂ ತಿಳಿದೂ ಅದೇ ನೀರನ್ನು ತುಂಬಿಕೊಳ್ಳುತ್ತಾಳೆ. ಆ ಕಾರಣವನ್ನು ಜಗಲಿಯ ಮೇಲೆ ಕುಳಿತು, ಆಕೆಗೆ ಬಿಡುವಾದಾಗ, ಸಾವಧಾನವಾಗಿ ಕೇಳಬೇಕು. ಚನ್ನಗಿರಿಯಲ್ಲಿ ತೊಡಕು ಇನ್ನೂ ಗಹನವಾದುದು: ಅಡಿಕೆ ಕ್ಯಾನ್ಸರ್‌ಕಾರಕವೆಂಬ ಅಂತರರಾಷ್ಟ್ರೀಯ ತಜ್ಞರ ನಿರ್ಣಯವನ್ನು ಅಲ್ಲಿ ಹೇಳಬೇಕಾದುದು, ಆ ಬೆಳೆಯಿಂದಲೇ ಮಕ್ಕಳನ್ನು ಓದಿಸುತ್ತಿರುವವರ ಎದುರಿನಲ್ಲಿ.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನೂ ಪ್ರಮಾಣವೆಂದು ಅಂಗೀಕರಿಸಿದ ನೈಯಾಯಿಕರ ಪರಂಪರೆಯನ್ನು ಬಲ್ಲ ನಮಗೆ, ಜ್ಞಾನದ ಮಾರ್ಗ ಒಂದೇ ಅಲ್ಲವೆಂಬುದು ಹೊಸ ಮಾತೇನಲ್ಲ. ರಾಯ್ ಭಾಸ್ಕರರು 1975ರ ತಮ್ಮ ಗ್ರಂಥದಿಂದ ಮೊದಲುಗೊಂಡು ಬೆಳೆಸಿದ, ಮುಂದೆ ವಿಮರ್ಶಾತ್ಮಕ ವಾಸ್ತವವಾದವೆಂದು ಹೆಸರಾದ ದರ್ಶನವು ನಮ್ಮ ಈ ಸೀಮೆಯ ಕೆಲಸಕ್ಕೆ ಒದಗೀತೆಂಬುದು ನನ್ನ ಮತ: ನೀರಿನಲ್ಲಿರುವುದು ನಮ್ಮ ತಿಳಿವಿನ ಹಂಗಿಲ್ಲದೆ ಇದ್ದೇ ಇದೆ, ನಮ್ಮ ತಿಳಿವಾದರೋ ಸದಾ ಅಪೂರ್ಣ, ಮತ್ತು ಕಣ್ಣಿಗೆ ಕಾಣುವ ಘಟನೆಯ ಹಿಂದೆ ಕಾಣದ ವ್ಯವಸ್ಥೆಗಳು ದುಡಿಯುತ್ತಿರುತ್ತವೆ. ಈ ನಿಲುವನ್ನು ತಳೆದವನಿಗೆ ನೀರಿನ ಪರೀಕ್ಷಾವರದಿಯೂ ಹೆಂಗಸರ ಮಾತೂ ಸಾಲವು. ಘಟಕವು ಕೆಟ್ಟದ್ದು ಯಾವಾಗ, ದುರಸ್ತಿಗೆ ಹಣ ಬಂದಿತ್ತೆ, ಬಂದಿದ್ದರೆ ಎಲ್ಲಿ ನಿಂತಿತು ಎಂದು ಗ್ರಾಮ ಪಂಚಾಯಿತಿಯ ಕಡತಗಳನ್ನೂ ಅವನು ಕೇಳಿ ತೆಗೆಸಬೇಕಾಗುತ್ತದೆ.